ಬಿನ್ನವತ್ತಳೆಯ ಫ್ರೇಮಿನಲ್ಲಿ ಹಿಡಿಸದೆ ಉಳಿದದ್ದು

(ನಮ್ಮ ಕಚೇರಿಯ ಹಿರಿಯ ಅಧೀಕ್ಷಕರಿಗೆ, ನಾಲ್ಕು ಜನ ಓದಲಿ ಎಂಬ ಆಸೆಯಿಂದಲೇ ಬರೆದ ಪತ್ರ)

ಸರ್,

ಬರುವ 31ರಂದು ಮಧ್ಯಾಹ್ನ 3.30ಕ್ಕೆ ಮೇಲಿನ ಸಭಾಂಗಣದಲ್ಲಿ ತಮ್ಮ ವಯೋನಿವೃತ್ತಿಯ ಬೀಳ್ಕೊಡುಗೆ. ತಲೆಗೆ 300 ರೂಪಾಯಿಯಂತೆ ವಸೂಲಿ ಮಾಡಿದ್ದೇವೆ. ಮಗುವಿನ ನಾಮಕರಣಕ್ಕೆ 50 ರೂಪಾಯಿ ಕೇಳಿದರೆ ‘ನಾಳೆ ನೋಡೋಣ’ ಅನ್ನುವ ಜನ ಈ ಸಲ ಚೌಕಾಸಿಯನ್ನೇ ಮಾಡಲಿಲ್ಲ. ಇಬ್ಬರು 500 ಕೊಟ್ಟು, ಚಿಲ್ಲರೆ ಬೇಡ ಎಂದರು. ತಾವು ಇದನ್ನು ಪ್ರೀತಿಯೆಂದು ತಿಳಿದುಕೊಂಡರೆ ನಮ್ಮ ಅಭ್ಯಂತರವೇನಿಲ್ಲ.

ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮನೆಯವರಿಗೊಂದು ಸೀರೆ, ಎಲ್ಲ ತಂದಾಗಿದೆ. ಕನ್ನಡ ನೆಟ್ಟಗೆ ಬರೆಯುತ್ತಾನೆ ಎಂಬ ಅಪವಾದ ನನ್ನ ಮೇಲಿರುವುದರಿಂದ ಬಿನ್ನವತ್ತಳೆಯ ಕೆಲಸ ನನ್ನ ತಲೆಗೆ ಬಿತ್ತು. ಫ್ರೇಮಿನ ಅಂಗಡಿಯವನು 16 ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ ಎಂದ. ಸುತ್ತ ಬಳ್ಳಿ, ಮೇಲೆ ಭುವನೇಶ್ವರಿ, ಕೆಳಗೆ ‘ತಮ್ಮ ಪ್ರೀತಿಯ ಸಿಬ್ಬಂದಿ ವರ್ಗ’ ಎಂದು ಬಂಗಾರದ ಅಕ್ಷರ. ಇವೆಲ್ಲ ಜಾಗ ತಿಂದ ಮೇಲೆ ಮಾತಿಗೆ ಉಳಿದದ್ದು ಅಷ್ಟೇ. ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರನೇ ಸಾಲಿನಲ್ಲಿ ‘ಅಜಾತಶತ್ರು’ ಎಂದಿದೆ. ಬೀಳ್ಕೊಡುಗೆಯ ಪತ್ರದಲ್ಲಿ ಆ ಪದ ಇರದಿದ್ದರೆ ಫ್ರೇಮಿನವನೇ ಒಪ್ಪುವುದಿಲ್ಲ. ತಮ್ಮ ವಿಷಯದಲ್ಲಿ ಅದು ಸತ್ಯಕ್ಕೆ ಹತ್ತಿರವೂ ಹೌದು. ಶತ್ರುಗಳು ಹುಟ್ಟಿದರು, ಆದರೆ ಈ ಕಚೇರಿಯಲ್ಲಿ ನಿಲ್ಲಲಿಲ್ಲ. ಒಬ್ಬರು ಪರಸ್ಪರ ವರ್ಗಾವಣೆಗೆ ಜೊತೆ ಹುಡುಕಿ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರಿಗೆ ನಗುನಗುತ್ತ ಹೋದರು. ಇನ್ನೊಬ್ಬರು ನಿಯೋಜನೆಯ ಮೇಲೆ ಹೋದವರು ತಿರುಗಿ ನೋಡಲಿಲ್ಲ. ಮತ್ತೊಬ್ಬರು ಬಿ.ಪಿ. ಮಾತ್ರೆ ನುಂಗುತ್ತ ಸ್ವಯಂ ನಿವೃತ್ತಿ ತೆಗೆದುಕೊಂಡರು. ಉಳಿದವರು ನಾವು, ತಮ್ಮ ಪ್ರೀತಿಯ ಸಿಬ್ಬಂದಿ ವರ್ಗ.

ನನ್ನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ತಮ್ಮ ಬಗ್ಗೆ ಅರ್ಧ ಗಂಟೆ ಹೇಳಿಕೊಂಡೆ. ‘ಟಾಕ್ಸಿಕ್ ಅಪ್ಪಾ ಅದು’ ಎಂದು ಒಂದೇ ಪದದಲ್ಲಿ ಮುಗಿಸಿದಳು. ಅವರಲ್ಲಿ ಇದಕ್ಕೆ ಎಚ್‌ಆರ್ ಇದ್ದಾರಂತೆ, ದೂರು ಕೊಡಲು ಬೇರೆಯೇ ಮೇಲ್ ಇದೆಯಂತೆ, ಬಿಟ್ಟು ಹೋಗುವವರನ್ನು ಕೂರಿಸಿ ಯಾಕೆ ಬಿಡುತ್ತೀರಿ ಎಂದು ಕೇಳುತ್ತಾರಂತೆ. ‘ಆಮೇಲೆ?’ ಅಂದೆ. ‘ಆಮೇಲೆ ಆ ಮ್ಯಾನೇಜರ್‌ಗೆ ಬಡ್ತಿ ಕೊಡ್ತಾರೆ’ ಅಂದಳು. ಸಮಾಧಾನವಾಯಿತು. ನಮ್ಮಲ್ಲಿ ಬಿಟ್ಟು ಹೋಗುವ ಪದ್ಧತಿಯೇ ಇಲ್ಲ. ಸಂಬಳವನ್ನು ಬಿಟ್ಟರೂ ಪಿಂಚಣಿಯನ್ನು ಬಿಡಲಾಗದು. ಹೀಗಾಗಿ ಒಂದು ಶಾಖೆಗೆ ಒಂದು ಬಾಯಿ ಬಿತ್ತೆಂದರೆ 30 ವರ್ಷ ಅದರ ಕೆಳಗೇ ಕೊಡೆ ಹಿಡಿದು ಕೂರಬೇಕು.

ತಾವು ಕಡತ ವಾಪಸು ಮಾಡುತ್ತಿದ್ದ ಶೈಲಿಯನ್ನು ಬರೆಯದೆ ಈ ಪತ್ರ ಪೂರ್ತಿಯಾಗದು. ಟಿಪ್ಪಣಿ ಹಾಳೆಯ ಅಂಚಿನಲ್ಲಿ ‘ಚರ್ಚಿಸಿ’ ಎಂದು ಗೀಚಿ, ಕುರ್ಚಿಯಿಂದ ಏಳದೆಯೇ ಬೀಸಿ ಎಸೆಯುತ್ತಿದ್ದಿರಿ. ಅದು ಫ್ಯಾನಿನ ಗಾಳಿಗೆ ಒಂದಿಷ್ಟು ತೇಲಿ, ಎದುರು ಮೇಜಿನ ಅಂಚಿಗೆ ಬಡಿದು, ಟ್ಯಾಗು ಬಿಚ್ಚಿಕೊಂಡು 40 ಹಾಳೆ ನೆಲಕ್ಕೆ. ಅವನ್ನು ಆಯುತ್ತ ಬಗ್ಗಿದವರ ಬೆನ್ನ ಮೇಲೆ ‘ಯಾವ ಪುಣ್ಯಾತ್ಮ ನಿಮ್ಮನ್ನ ಪಾಸ್ ಮಾಡಿದ್ದು?’ ಎಂಬ ತಮ್ಮ ಮಾತು. ಚರ್ಚೆ ಅಲ್ಲಿಗೆ ಮುಗಿಯಿತು. ಇ-ಆಫೀಸ್ ಬಂದಾಗ ತಮಗೆ ಆದ ನೋವು ನಮಗೆ ಗೊತ್ತಿದೆ. ಕಂಪ್ಯೂಟರಿನಲ್ಲಿ ಕಡತವನ್ನು ಹಿಂದಿರುಗಿಸಬಹುದು, ಎಸೆಯಲು ಬರುವುದಿಲ್ಲ. ಮೌಸ್ ಎತ್ತಿ ಕುಕ್ಕುತ್ತಿದ್ದಿರಿ, ಪಾಪ. ವರ್ಷಕ್ಕೆ ಮೂರು ಮೌಸ್ ಯಾಕೆ ಎಂದು ಸ್ಟೋರ್ಸಿನವರು ಕೇಳಿದರೆ ನಾವೇ ‘ಇಲಿ ಕಾಟ’ ಎಂದು ಬರೆದು ಕಳಿಸಿದೆವು.

ಇನ್ನು ‘ನೊಂದ ನಾಗರಿಕ’. ನಮ್ಮಲ್ಲಿ ಯಾರಿಗಾದರೂ ಒಳ್ಳೆಯ ಟೇಬಲ್ ಸಿಕ್ಕ 15 ದಿನದೊಳಗೆ ಸಾಹೇಬರಿಗೆ, ಅವರ ಮೇಲಿನವರಿಗೆ, ಒಮ್ಮೊಮ್ಮೆ ಮಂತ್ರಿಗಳಿಗೂ ಒಂದು ಮೂಗರ್ಜಿ ಹೋಗುತ್ತಿತ್ತು. ಕೆಳಗೆ ಇಂತಿ ನೊಂದ ನಾಗರಿಕ. ಈ ನಾಗರಿಕನಿಗೆ ನಮ್ಮ ಕಡತಗಳ ಸಂಖ್ಯೆ ಬಾಯಿಪಾಠ, ಯಾರು ಯಾವ ದಿನ ಸಾಂದರ್ಭಿಕ ರಜೆ ಹಾಕದೆ ಮದುವೆಗೆ ಹೋದರು ಎಂಬುದೂ ಗೊತ್ತು. ಜೊತೆಗೆ ಅವನು ‘ಭ್ರಷ್ಟಾಚಾರ’ಕ್ಕೆ ಪ್ರತಿ ಸಲವೂ ಮಹಾಪ್ರಾಣ ಸೇರಿಸಿ ‘ಭ್ರಷ್ಠಾಚಾರ’ ಎಂದೇ ಬರೆಯುತ್ತಿದ್ದ. ಇಡೀ ಜಿಲ್ಲೆಯಲ್ಲಿ ಆ ಪದಕ್ಕೆ ಅಷ್ಟು ಪ್ರಾಣ ತುಂಬುವವರನ್ನು ನಾನು ಇನ್ನೊಬ್ಬರನ್ನಷ್ಟೇ ಕಂಡಿದ್ದೇನೆ. ಅವರ ಬೀಳ್ಕೊಡುಗೆ 31ಕ್ಕೆ. ಹೆಸರಿಲ್ಲದ ದೂರುಗಳ ಮೇಲೆ ಕ್ರಮ ಬೇಡ ಎಂದು ಕೇಂದ್ರ ಜಾಗೃತ ಆಯೋಗ 1999ರಲ್ಲೇ ಸುತ್ತೋಲೆ ಹೊರಡಿಸಿತ್ತು. ಅದು ದಿಲ್ಲಿಯವರ ಮಾತು. ನಮ್ಮ ಸಾಹೇಬರು ಮೂಗರ್ಜಿಯನ್ನು ಹರಿಯುತ್ತಿರಲಿಲ್ಲ, ಡ್ರಾಯರಿನಲ್ಲಿ ಇಡುತ್ತಿದ್ದರು. ಅವರಿಗೂ ಅದು ಬೇಕಾಗುವ ದಿನ ಬರುತ್ತಿತ್ತು.

ತಮ್ಮ ಪ್ರತಿಭೆ ಎಷ್ಟು ದೊಡ್ಡದೆಂದು ನನಗೆ ಅರಿವಾದದ್ದು ಈಚೆಗೆ. 1944ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಅಮೆರಿಕದ ಗೂಢಚಾರ ಸಂಸ್ಥೆಯೊಂದು (ಸಿಐಎ ಹುಟ್ಟುವ ಮೊದಲು ಆ ಕೆಲಸ ನೋಡಿಕೊಳ್ಳುತ್ತಿದ್ದದ್ದು) ಗುಟ್ಟಿನ ಕೈಪಿಡಿಯೊಂದನ್ನು ಮಾಡಿತ್ತು. ಶತ್ರುವಿನ ಹಿಡಿತದಲ್ಲಿರುವ ನಾಡಿನ ಸಾಮಾನ್ಯ ಜನ ಬಾಂಬು ಬಂದೂಕಿಲ್ಲದೆ ಕಚೇರಿ, ಕಾರ್ಖಾನೆಗಳನ್ನು ಹಾಳುಗೆಡವುವುದು ಹೇಗೆ ಎಂಬುದು ಅದರ ವಿಷಯ. ಚೆನ್ನಾಗಿ ದುಡಿಯುವವರ ಮೇಲೆ ಸುಮ್ಮಸುಮ್ಮನೆ ತಪ್ಪು ಹೊರಿಸುವುದು, ಕೆಲಸ ಬಾರದವರನ್ನು ಮೇಲೆತ್ತುವುದು, ಅವಸರದ ಕೆಲಸ ಇದ್ದಾಗಲೇ ಸಭೆ ಕೂಡಿಸುವುದು, ತೀರ್ಮಾನವಾದದ್ದನ್ನು ಮತ್ತೆ ಕೆದಕುವುದು, ಒಂದೊಂದು ಪದಕ್ಕೂ ತಕರಾರು ಎತ್ತುವುದು, ಹೀಗೆ ಉಪಾಯಗಳು. ಓದುತ್ತ ಓದುತ್ತ ಕೈ ಮುಗಿಯಬೇಕೆನಿಸಿತು. ಒಂದು ಮಹಾಯುದ್ಧಕ್ಕೆಂದು ಅವರು ತಲೆ ಕೆಡಿಸಿಕೊಂಡು ಬರೆಸಿದ್ದನ್ನು ತಾವು ಯಾವ ತರಬೇತಿಯೂ ಇಲ್ಲದೆ, ಭತ್ಯೆಯೂ ಕೇಳದೆ, ನಮ್ಮ ಎರಡನೇ ಮಹಡಿಯಲ್ಲಿ ಜಾರಿಗೆ ತಂದಿರಿ.

ತಮ್ಮನ್ನು ಕಾಪಾಡಿದ್ದು ಯಾವ ನಿಯಮವೂ ಅಲ್ಲ ಸರ್, ಒಂದು ಮಾತು. ‘ಅವರ ಬಾಯಿ ಒರಟು, ಮನಸ್ಸು ಬಂಗಾರ.’ ಈ ಮಾತನ್ನು ಯಾರು ಹುಟ್ಟುಹಾಕಿದರೋ ಗೊತ್ತಿಲ್ಲ, ಕರ್ನಾಟಕದ ಪ್ರತಿಯೊಂದು ಕಚೇರಿಯಲ್ಲೂ ಒಬ್ಬರಿಗೆ ಇದನ್ನು ಅಂಟಿಸಿರುತ್ತಾರೆ. ಹೊಸಬರು ಕಣ್ಣೊರೆಸಿಕೊಂಡು ಕೂತರೆ ಹಳಬರು ಬಂದು ಇದೇ ಗುಳಿಗೆ ಕೊಡುತ್ತಾರೆ. ನಾನೂ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಆದರೆ ಬಂಗಾರವನ್ನು ಒರೆಗೆ ಹಚ್ಚಿ ನೋಡಿದವರಿಲ್ಲ. ಒಂದು ದಿನ ತಾವು ಚಹಾ ತಣ್ಣಗಾಗಿದೆ ಎಂದು ನಮ್ಮ ಡಿ ಗ್ರೂಪಿನ ಹಿರಿಯರನ್ನು, ತಮಗಿಂತ ಐದಾರು ತಿಂಗಳಷ್ಟೇ ಚಿಕ್ಕವರನ್ನು, ಏಕವಚನದಲ್ಲಿ ಝಾಡಿಸುತ್ತಿದ್ದಿರಿ. ಫೋನ್ ಬಂತು. ಸಾಹೇಬರದ್ದು. ಕೂತ ಕುರ್ಚಿಯಿಂದ ತಾವು ಎದ್ದು ನಿಂತಿರಿ (ಫೋನಿಗೆ!). ಬಿಟ್ಟ ಗುಂಡಿ ಹಾಕಿಕೊಂಡಿರಿ. ‘ಸಾರ್… ಆಗಲಿ ಸಾರ್… ತಮ್ಮ ಆಶೀರ್ವಾದ ಸಾರ್.’ ಬೆಣ್ಣೆ. ಫೋನ್ ಇಟ್ಟಿರಿ, ಕೂತಿರಿ, ನಿಲ್ಲಿಸಿದ್ದ ವಾಕ್ಯವನ್ನು ಅದೇ ಕ್ರಿಯಾಪದದಿಂದ ಮುಂದುವರಿಸಿದಿರಿ. ಬಾಯಿ ನಿಜವಾಗಿ ಒರಟಾಗಿದ್ದರೆ ಮೇಲಕ್ಕೂ ಒರಟಾಗಿರಬೇಕಿತ್ತಲ್ಲ ಎಂದು ಆವತ್ತು ಹೊಳೆಯಿತು. ತಮ್ಮ ಬಾಯಿಗೆ ತುಂಬಾ ಚೆನ್ನಾಗಿ ಹದ ಗೊತ್ತಿತ್ತು.

ಆರು ವರ್ಷದ ಹಿಂದೆ ಆ ಹುಡುಗಿ ಬಂದು ಸೇರಿದ್ದು ತಮಗೆ ನೆನಪಿರಬಹುದು, ಇಲ್ಲದೆಯೂ ಇರಬಹುದು. ಅಪ್ಪ ನಮ್ಮ ಇಲಾಖೆಯಲ್ಲೇ ಇದ್ದರು, ಸೇವೆಯಲ್ಲಿರುವಾಗಲೇ ಹೋದರು. 1996ರ ನಿಯಮಗಳಂತೆ ಅನುಕಂಪದ ಆಧಾರದ ನೇಮಕ, ದ್ವಿತೀಯ ದರ್ಜೆ ಸಹಾಯಕಿ. ಮೊದಲ ವಾರ ಒಂದು ಪತ್ರದಲ್ಲಿ ಉಲ್ಲೇಖದ ದಿನಾಂಕ ತಪ್ಪಿತು. ತಾವು ಹಾಳೆಯನ್ನು ಎತ್ತಿ ಹಿಡಿದು ಇಡೀ ಶಾಖೆಗೆ ಕೇಳುವಂತೆ ಹೇಳಿದಿರಿ: ‘ಏನಮ್ಮಾ, ಓದಿ ಪರೀಕ್ಷೆ ಬರೆದು ಬಂದಿದ್ರೆ ಗೊತ್ತಾಗಿರೋದು. ಅಪ್ಪ ಸತ್ತ ಅಂತ ಕುರ್ಚಿ ಸಿಕ್ಕಿತು ನಿನಗೆ.’

ಶಾಖೆ ನಕ್ಕಿತು. ನಾನು ನಕ್ಕೆ. ದೊಡ್ಡ ನಗುವೇನಲ್ಲ, ತಮ್ಮ ಕಣ್ಣು ನನ್ನ ಕಡೆ ತಿರುಗಿದಾಗ ತೋರಿಸಲು ಬೇಕಾದಷ್ಟು. ಅವಳು ಹಾಳೆ ತೆಗೆದುಕೊಂಡು ಹೋಗಿ ದಿನಾಂಕ ತಿದ್ದಿ ತಂದಿಟ್ಟಳು. ಆವತ್ತು ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ.

ಮಾರನೆಯ ದಿನ ಕಚೇರಿಯ ಆಂತರಿಕ ಸಮಿತಿಯ ಮೇಡಂ ಬಳಿ ಹೋದಳು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಯೆಲ್ಲ 2013ರ ಕಾಯ್ದೆಯಂತೆ ಈ ಸಮಿತಿ ಇರಲೇಬೇಕು, ನಮ್ಮಲ್ಲೂ ಬೋರ್ಡು ತೂಗುಹಾಕಿದೆ. ಮೇಡಂ ಒಳ್ಳೆಯವರು, ಪೂರ್ತಿ ಕೇಳಿದರು. ‘ಇದು ಲೈಂಗಿಕ ಕಿರುಕುಳದ ವ್ಯಾಪ್ತಿಗೆ ಬರಲ್ಲಮ್ಮಾ, ನಾನೇನು ಬರೆಯಲಿ?’ ಎಂದರು. ನಿಜ. ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಮಾಡಿದ 190ನೇ ಒಡಂಬಡಿಕೆ, ಕೆಲಸದ ಜಾಗದ ಎಲ್ಲ ಬಗೆಯ ಹಿಂಸೆ, ಕಿರುಕುಳಕ್ಕೂ ಅನ್ವಯವಾಗುತ್ತದೆ. 2021ರ ಜೂನ್ 25ರಿಂದ ಜಾರಿಯಲ್ಲಿದೆ. ನಮ್ಮ ದೇಶ ಅದನ್ನು ಅನುಮೋದಿಸಿಲ್ಲ. ದೊಡ್ಡ ಕಡತಗಳ ಅಂಚಿನಲ್ಲೂ ‘ಚರ್ಚಿಸಿ’ ಎಂದು ಬರೆಯುವವರು ಇರುತ್ತಾರೆ. ಇನ್ನು ನಮ್ಮ ರಾಜ್ಯದ 1966ರ ನಡತೆ ನಿಯಮಗಳು ಹೋಗಿ 2021ರಲ್ಲಿ ಹೊಸವು ಬಂದವು, ತಮ್ಮ ನಡತೆಗೆ ಮಾತ್ರ ಆ ಗೆಜೆಟ್ ತಲುಪಲಿಲ್ಲ. ಅರ್ಜಿಯ ವಿಲೇವಾರಿ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರರಿಗೆ ಕೊಡಿ ಎಂದು ಸಕಾಲದ ಕಾಯ್ದೆ ಹೇಳುತ್ತದೆ. ಬೈಗುಳಕ್ಕೂ ಅಂಥದ್ದೊಂದು ದರಪಟ್ಟಿ ಇದ್ದಿದ್ದರೆ ತಮ್ಮ 300 ದಿನದ ಗಳಿಕೆ ರಜೆಯ ದುಡ್ಡೂ ಸಾಲುತ್ತಿರಲಿಲ್ಲ.

ನಾವು ಯಾಕೆ ಸುಮ್ಮನಿದ್ದೆವು? ಹೆದರಿಕೆ ಇತ್ತು, ಆದರೆ ಅದಷ್ಟೇ ಎಂದರೆ ಸುಳ್ಳಾಗುತ್ತದೆ. ತಾವು ನಮಗೆ ಬೇಕಾಗಿತ್ತು. ಜಗಳಗಂಟ ಗುತ್ತಿಗೆದಾರ ಬಂದರೆ ‘ಆ ಮೂಲೆಯ ಸಾರ್ ಹತ್ರ ಹೋಗಿ’ ಎಂದು ಕಳಿಸಿ ನಾವು ಚಹಾಕ್ಕೆ ಹೋಗುತ್ತಿದ್ದೆವು. ಭಾನುವಾರದ ಡ್ಯೂಟಿ ಹಾಕಲು ಬಂದವರ ಮೇಲೆ ತಮ್ಮನ್ನು ಬಿಡುತ್ತಿದ್ದೆವು. ಹಟ್ಟಿಯಲ್ಲಿ ಕಚ್ಚುವ ನಾಯಿ ಇದ್ದರೆ ಕಳ್ಳನ ಭಯವಿಲ್ಲ ಎಂದುಕೊಂಡವರು ಅದು ಮನೆಯ ಮಕ್ಕಳನ್ನು ಕಚ್ಚಿದಾಗ ‘ಆಟ ಆಡುತ್ತೆ’ ಅನ್ನಲೇಬೇಕಾಗುತ್ತದೆ. ವಾರ್ಷಿಕ ವರದಿಯಲ್ಲಿ ‘ಸಹೋದ್ಯೋಗಿಗಳೊಡನೆ ವರ್ತನೆ’ಯ ಎದುರು ಪ್ರತಿ ವರ್ಷ ‘ತೃಪ್ತಿಕರ’ ಎಂದೇ ಬಿತ್ತು. ಯಾರಿಗೆ ತೃಪ್ತಿ ಎಂದು ಕೇಳುವ ಕಾಲಂ ಆ ನಮೂನೆಯಲ್ಲಿ ಇಲ್ಲ.

ಆ ಹುಡುಗಿ ಈಗ ಸಿಬ್ಬಂದಿ ಶಾಖೆಯಲ್ಲಿದ್ದಾಳೆ. ತಮ್ಮ ಸೇವಾ ವಹಿ, ಪಿಂಚಣಿ ಕಾಗದ ಎಲ್ಲ ಅವಳ ಮೇಜಿನ ಮೇಲೆಯೇ ಇದ್ದವು. ಕಳೆದ ಆರು ತಿಂಗಳಲ್ಲಿ ತಾವು ಅವಳನ್ನು ‘ಏನಮ್ಮಾ’ದಿಂದ ‘ಮೇಡಂ’ಗೆ ಏರಿಸಿದ್ದನ್ನು, ಒಮ್ಮೆ ಊರಿನ ಮಾವಿನಹಣ್ಣು ತಂದು ಕೊಟ್ಟದ್ದನ್ನು ಇಡೀ ಕಚೇರಿ ನೋಡಿದೆ. ಹಣ್ಣನ್ನು ಅವಳು ಡಿ ಗ್ರೂಪಿನ ಹಿರಿಯರಿಗೆ ಕೊಟ್ಟಳು. ಪಿಂಚಣಿ ಕಡತ ಎಲ್ಲಾದರೂ ಒಂದು ವರ್ಷ ಮಲಗುತ್ತದೆ, ಮಹಾಲೇಖಪಾಲರ ಕಚೇರಿಯಿಂದ ಆಕ್ಷೇಪಣೆಯ ಮೇಲೆ ಆಕ್ಷೇಪಣೆ ಬರುತ್ತದೆ ಎಂದು ನಮ್ಮಲ್ಲಿ ಕೆಲವರು ಒಳಗೊಳಗೇ ಕಾದು ಕೂತಿದ್ದೆವು. ಹಾಗೇನೂ ಆಗಲಿಲ್ಲ. 1990ರ ದಶಕದ ಒಂದು ವೇತನ ಬಡ್ತಿಯ ನಮೂದು ಬಿಟ್ಟುಹೋಗಿದ್ದನ್ನು ಅವಳೇ ಹುಡುಕಿ, ಹಳೆಯ ಆದೇಶವನ್ನು ದಾಖಲೆ ಕೋಣೆಯ ಧೂಳಿನಿಂದ ಎತ್ತಿ ತಂದು, ದೃಢೀಕರಿಸಿ, ಎಲ್ಲವನ್ನೂ ಗಡುವಿಗೆ ಮೊದಲೇ ಕಳಿಸಿದಳು. ಒಂದೂ ಆಕ್ಷೇಪಣೆ ಬರಲಿಲ್ಲ. 27 ವರ್ಷದ ಸೇವೆಯಲ್ಲಿ ಇಷ್ಟು ನೆಟ್ಟಗಿನ ಪಿಂಚಣಿ ಕಡತವನ್ನು ನಾನು ನೋಡಿಲ್ಲ.

ನನಗೆ ತಡೆಯಲಾಗಲಿಲ್ಲ. ಮೊನ್ನೆ ಸಂಜೆ ಬೀರುವಿಗೆ ಬೀಗ ಹಾಕುತ್ತಿದ್ದಳು, ಹೋಗಿ ಕೇಳಿದೆ: ‘ಅಷ್ಟೆಲ್ಲ ಅಂದವರಿಗೆ ಇಷ್ಟು ಮುತುವರ್ಜಿ ಯಾಕಮ್ಮಾ?’

ಬೀಗ ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡು ಹೇಳಿದಳು: ‘ಒಂದು ಆಕ್ಷೇಪಣೆ ಬಂದ್ರೂ ವಿಚಾರಿಸೋಕೆ ಅವರು ಮತ್ತೆ ಇಲ್ಲಿಗೆ ಬರ್ತಾರಲ್ವಾ ಸರ್.’

ಬೀಳ್ಕೊಡುಗೆಗೆ ದಯವಿಟ್ಟು ಸಮಯಕ್ಕೆ ಸರಿಯಾಗಿ ಬನ್ನಿ. ಫೋಟೋದವನು 4.30ಕ್ಕೆ ಇನ್ನೊಂದು ಕಡೆ ಹೋಗಬೇಕಂತೆ.

ಇಂತಿ,
ತಮ್ಮ ಎದುರು ಮೇಜಿನ
ನೊಂದ, ಮತ್ತು ನಕ್ಕ, ನಾಗರಿಕ