ಸಿಂಕ ಮೀಮಾಂಸೆ, ಅರ್ಥಾತ್ ಜಮಖಂಡಿ ಸೀಮೆಯ ಅಡಿಗೆಮನೆಗೆ ತಕ್ಕ ಉಕ್ಕಿನ ತೊಟ್ಟಿಯ ವಿಚಾರ

ದೀರ್ಘ ಪೀಠಿಕೆ ವಿದ್ವತ್ತಿನ ಲಕ್ಷಣ. ಆದರೆ ಗೌಂಡಿ ಸೋಮವಾರ ಬರುತ್ತೇನೆಂದು ಮಾತು ಕೊಟ್ಟಿರುವುದರಿಂದ, ಮತ್ತು ಗೌಂಡಿಯ ಸೋಮವಾರ ಯಾವಾಗ ಬೇಕಾದರೂ ಬರಬಹುದಾದ್ದರಿಂದ, ನೇರವಾಗಿ ಪೂರ್ವಪಕ್ಷಕ್ಕೆ ಬರುತ್ತೇವೆ.

ಸಿಂಕೇ ಬೇಡವೆಂಬುದು ಪೂರ್ವಪಕ್ಷ. ಹಿತ್ತಲ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಒಲೆಯ ಬೂದಿಯಿಂದ ಭಾಂಡೆ ತಿಕ್ಕುವುದು ಪ್ರಾಚೀನರ ಮತ. ಜಮಖಂಡಿಯ ಕಡೆ ಇದಕ್ಕೊಂದು ಸ್ವಾಭಿಮಾನಿ ಶಾಖೆಯೂ ಉಂಟು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೇ ಬ್ಯಾರೇಜು ಕಟ್ಟಿಕೊಂಡ ನೆಲವಿದು. ಅಂಥವರು ಎರಡು ಫೂಟಿನ ತೊಟ್ಟಿಗಾಗಿ ಅಂಗಡಿಗೆ ಹೋಗುವುದೆ? ನಾಲ್ಕು ಬುಟ್ಟಿ ಸಿಮೆಂಟು, ಒಂದು ಶಹಾಬಾದಿ ಫರಸಿ ಇದ್ದರೆ ಮನೆಯಲ್ಲೇ ಆಗುತ್ತದೆಂದು ಈ ಶಾಖೆಯವರ ವಾದ. ಸಿದ್ಧಾಂತಿಗಳು ಇದಕ್ಕೆ ಶಾಸ್ತ್ರದಿಂದ ಉತ್ತರ ಕೊಡುವುದಿಲ್ಲ. ಅತ್ತೆಯ ಮೊಣಕಾಲನ್ನು ತೋರಿಸುತ್ತಾರೆ. ವಾದ ಅಲ್ಲಿಗೆ ಮುಗಿಯುತ್ತದೆ.

ಇನ್ನು ದ್ರವ್ಯವಿಚಾರ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ 1913ರಲ್ಲಿ ಬಂದೂಕಿನ ನಳಿಗೆ ಸವೆಯಬಾರದೆಂದು ಉಕ್ಕಿಗೆ ಕ್ರೋಮಿಯಂ ಬೆರೆಸುತ್ತ ಹೋಗಿ, ಸುಲಭಕ್ಕೆ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡ. ಬಂದೂಕಿಗೆ ಹೊರಟದ್ದು ತಾಟು-ಚರಿಗೆಗಳಿಗೆ ಬಂದು ನಿಂತದ್ದು ಲೋಕಕಲ್ಯಾಣವೇ ಸರಿ. ಇಂದು ಸಿಂಕಿಗೆ ಉತ್ತಮವೆನ್ನುವುದು 304 ಎಂಬ ಜಾತಿ: ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ಅಗ್ಗದ 202ರಲ್ಲಿ ನಿಕಲ್ಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಹೊಸದಿದ್ದಾಗ ಎರಡೂ ಒಂದೇ ಥರ ಮಿಂಚುತ್ತವೆ.

ಹಾಗಾದರೆ ಗುರುತಿಸುವ ಪ್ರಮಾಣ ಯಾವುದು? ಅಂಗಡಿಕಾರ ಕಿಸೆಯಿಂದ ಗೋಲಿಯಷ್ಟು ಚುಂಬಕ ತೆಗೆದು ಸಿಂಕಿನ ತಳಕ್ಕೆ ಹಚ್ಚುತ್ತಾನೆ. ಅದು ಟಣ್ಣೆಂದು ಉರುಳಿ ಜಾಳಿಗೆಯ ತೂತಿನಲ್ಲಿ ಕೂರುತ್ತದೆ. “ನೋಡ್ರಿ ಸಾಹೇಬ್ರ, ಹತ್ತತೈತೇನ? ಹತ್ತಂಗಿಲ್ಲ. ಪಕ್ಕಾ ತ್ರೀ ನಾಟ್ ಫೋರ್!” ಇದು ಪ್ರತ್ಯಕ್ಷ ಪ್ರಮಾಣವೆಂದು ಗಿರಾಕಿ ತಲೆದೂಗುತ್ತಾನೆ. ತಾರ್ಕಿಕರು ಒಪ್ಪುವುದಿಲ್ಲ, ಏಕೆಂದರೆ ಚುಂಬಕ 202ಕ್ಕೂ ಹತ್ತುವುದಿಲ್ಲ. ಅಷ್ಟೇ ಅಲ್ಲ, ತಗಡನ್ನು ಒತ್ತಿ ತೊಟ್ಟಿ ಮಾಡುವಾಗ ಮೂಲೆಗಳಲ್ಲಿ ಅಪ್ಪಟ 304 ಕೂಡ ತುಸು ಚುಂಬಕಗುಣ ಪಡೆಯುತ್ತದೆ. ಅಂದರೆ ಈ ಪರೀಕ್ಷೆಯಲ್ಲಿ ಕುಲೀನನೇ ನಪಾಸಾಗಿ ಕಳ್ಳ ಪಾಸಾಗುವ ಸಂಭವ ಉಂಟು. ಕೆಲವರು ಶಬ್ದಪ್ರಮಾಣವೇ ಶ್ರೇಷ್ಠವೆಂದು ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಾರೆ. ತಳಕ್ಕೆ ರಬ್ಬರಿನ ತುಂಡು ಅಂಟಿಸಿದ್ದರೆ ತೆಳು ತಗಡೂ ಗಂಭೀರವಾಗಿ ಮಾತಾಡುತ್ತದೆ. ಉಳಿದದ್ದು ಲಿಖಿತ ಪ್ರಮಾಣ ಒಂದೇ. ಬಿಲ್ಲಿನ ಮೇಲೆ 304 ಎಂದು ಬರೆದುಕೊಡಿ ಎಂದು ಕೇಳಬೇಕು. ಅಷ್ಟು ಹೊತ್ತು ಏಕಾಂತವಾದಿಯಾಗಿದ್ದ ಅಂಗಡಿಕಾರ ಆ ಕ್ಷಣದಲ್ಲೇ ಸ್ಯಾದ್ವಾದಿಯಾಗುತ್ತಾನೆ: ಇರಬಹುದು, ಇರಲಿಕ್ಕಿಲ್ಲ, ಕಂಪನಿಯವರು ಹಾಗೆ ಹೇಳುತ್ತಾರೆ.

ಗೇಜಿನ ಪ್ರಕರಣದಲ್ಲಿ ಮುಧೋಳದ ಕಡೆಯಿಂದ ಒಂದು ಪ್ರಸಿದ್ಧ ಹೇತ್ವಾಭಾಸವಿದೆ. ಮುಧೋಳ ನಾಯಿ ತೆಳ್ಳಗಿದೆ, ಆದರೂ ಗಟ್ಟಿಯಾಗಿದೆ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ, ಆದ್ದರಿಂದ ತೆಳ್ಳಗಿನ ಸಿಂಕೂ ಗಟ್ಟಿಯೇ. ಈ ತರ್ಕವನ್ನು ನಂಬಿ ತಂದ ಸಿಂಕಿನೊಳಗೆ ತುಂಬಿದ ಹಂಡೆ ಇಳಿಸಿದಾಗ ತಳ ತಗ್ಗುವುದನ್ನೂ, ಎತ್ತಿದಾಗ “ಟಕ್” ಎಂದು ಮೇಲೇಳುವುದನ್ನೂ ಕಾಣಬಹುದು. ಗೇಜಿನ ಅಂಕಿ ಏರಿದಂತೆ ತಗಡು ತೆಳುವಾಗುತ್ತದೆ: 16 ಅಂದರೆ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್, 20 ಅಂದರೆ ಒಂದಕ್ಕೂ ತುಸು ಕಡಿಮೆ. ಹದಿನಾರಕ್ಕಿಂತ ಇಪ್ಪತ್ತು ದೊಡ್ಡದೆಂದು ಶಾಲೆಯಲ್ಲಿ ಕಲಿತವರಿಗೆ ಇದು ತಲೆಗೆ ಹೋಗುವುದೇ ಇಲ್ಲ. ಹೇಳುವ ಮೊದಲೇ ತಿಳಿದುಕೊಳ್ಳುವವರು ರಬಕವಿ-ಬನಹಟ್ಟಿಯ ನೇಕಾರರು. ಒಂದು ಪೌಂಡು ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆಯೋ ಅದೇ ಕೌಂಟು. ಎಂಬತ್ತರ ನೂಲು ನಲವತ್ತರದಕ್ಕಿಂತ ಸಣ್ಣ. ದಿನವಿಡೀ ಮಗ್ಗದ ಮುಂದೆ ಇದನ್ನೇ ಬೆರಳಲ್ಲಿ ಹೊಸೆದು ನೋಡಿದವರಿಗೆ ಗೇಜಿನ ಪಾಠ ಬೇಕಿಲ್ಲ. ಸಿಂಕ್ ಕೊಳ್ಳಲು ಹೋಗುವವರು ಬನಹಟ್ಟಿಯ ಒಬ್ಬ ಬೀಗರನ್ನು ಜೊತೆಗೆ ಕರೆದೊಯ್ಯಬೇಕೆಂಬುದು ನಮ್ಮ ಮತ.

ಆಳದ ಬಗ್ಗೆ ಮಾತಾಡುವ ಅಧಿಕಾರ ಮಾತ್ರ ಮುಧೋಳದ್ದೇ. ರನ್ನನ ಹುಟ್ಟೂರದು. ಅವನ ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತರೂ ಭೀಮನ ಗರ್ಜನೆಗೆ ಹೊರಬಂದ. ಹತ್ತು ಇಂಚು ಆಳದ ಸಿಂಕಿನಲ್ಲಿ ಮುಸುರೆ ನೀರಿನಡಿ ಅಡಗಿದ ಚಮಚ ಯಾರ ಗರ್ಜನೆಗೂ ಬರುವುದಿಲ್ಲ. ಸೊಂಟ ಬಗ್ಗಿಸಿ ಕೈಯಾಡಿಸಿಯೇ ತೆಗೆಯಬೇಕು. ಆಳ ಹೆಚ್ಚಿಸಿದರೆ ಕಟ್ಟೆಯ ಎತ್ತರವನ್ನೂ ಹೆಚ್ಚಿಸಬೇಕಾಗುತ್ತದೆ. ಇಲ್ಲಿ ಬೀಳಗಿಯವರು ನಡುವೆ ಬಾಯಿ ಹಾಕುತ್ತಾರೆ. ಆಲಮಟ್ಟಿ ಅಣೆಕಟ್ಟಿನ ನೀರು 519.6 ಮೀಟರಿಗೆ ನಿಲ್ಲಬೇಕೋ, 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದ 524.256ಕ್ಕೆ ಏರಬೇಕೋ ಎಂಬ ಮಾತಿನ ನಡುವೆ ಬದುಕುವವರು ಅವರು. ಕಟ್ಟೆ 32 ಇಂಚೋ 34 ಇಂಚೋ ಎಂಬ ಜಗಳ ಅವರಿಗೆ ತೀರ ಸಣ್ಣದು. ಆದರೆ ಒಂದು ಮಾತು ಅವರು ಬಿಡುವುದಿಲ್ಲ: ನೀರು ಹೋಗುವ ದಾರಿ ಮೊದಲು ನೋಡು. ಹಿನ್ನೀರಿಗೆ ಹೊಲ-ಮನೆ ಕೊಟ್ಟು ಪುನರ್ವಸತಿ ಕೇಂದ್ರದಲ್ಲಿ ಹೊಸ ಅಡಿಗೆಮನೆ ಕಟ್ಟಿಕೊಂಡವರ ಮಾತನ್ನು ತೆಗೆದುಹಾಕುವಂತಿಲ್ಲ. ಜೋಳದ ಹಿಟ್ಟಿನ ಗಸಿ ಪೈಪಿನ ಬಾಗಿನಲ್ಲಿ ಕೂತು ಗಟ್ಟಿಯಾದರೆ 304 ಆದರೇನು, ಬಂಗಾರವಾದರೇನು.

ಒಂದೇ ತೊಟ್ಟಿಯ ಅದ್ವೈತ, ಎರಡು ತೊಟ್ಟಿಯ ದ್ವೈತ, ಒಂದು ತೊಟ್ಟಿಗೆ ಭಾಂಡೆ ಬೋರಲು ಹಾಕುವ ಹಲಗೆ ಅಂಟಿದ ವಿಶಿಷ್ಟಾದ್ವೈತ, ಈ ಮೂರರ ಚರ್ಚೆ ಬಹಳವಾಗಿದೆ, ಇಲ್ಲಿ ಬೆಳೆಸುವುದಿಲ್ಲ. ತುಕ್ಕಿನ ಆಪಾದನೆಯನ್ನು ಮಾತ್ರ ಪರಿಹರಿಸಬೇಕು. “ಸ್ಟೀಲಿಗೂ ಜಂಗ ಹಿಡೀತು” ಎಂದು ಗಿರಾಕಿ ಸಿಂಕನ್ನು ಬೈಯುತ್ತಾನೆ. ಎಷ್ಟೋ ಸಲ ಆ ಕಂದು ಕಲೆ ರಾತ್ರಿಯಿಡೀ ಅದರಲ್ಲಿ ಒದ್ದೆಯಾಗಿ ಬಿದ್ದಿದ್ದ ರೊಟ್ಟಿ ಹಂಚಿನದು. ಬೋರಿನ ಗಡಸು ನೀರು ಬಿಡುವ ಬಿಳಿ ಪೊರೆಗೆ ಹುಣಸೆಹಣ್ಣು ಸಾಕು. ಬಚ್ಚಲಿಗೆ ಸುರಿಯುವ ಆಸಿಡ್ ಹಾಕಿದರೆ ಕ್ರೋಮಿಯಂ ಕಾಪಾಡಿಕೊಂಡು ಬಂದ ತೆಳು ಪದರೇ ಹೋಗಿ, ಆಮೇಲೆ ತುಕ್ಕು ನಿಜವಾಗಿಯೇ ಬರುತ್ತದೆ.

ಸಿದ್ಧಾಂತ ಜಮಖಂಡಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಆಯಿತು. ಗಂಡಸರು ಚುಂಬಕ, ಟೇಪು, ಮೊಬೈಲಿನೊಡನೆ 24×18ರ ಮೇಲೆ ಒಮ್ಮತಕ್ಕೆ ಬಂದಿದ್ದರು. ಅವರ ಮನೆಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ಅವ್ವ ಅಲ್ಲಿಯವರೆಗೆ ಪೇಂಟಿನ ಡಬ್ಬಿಯ ಮೇಲೆ ಕೂತಿದ್ದರು. ಎದ್ದು ಬಂದು, ವಾಯರ್ ಚೀಲದಿಂದ ಹಿಟ್ಟು ನಾದುವ ಪರಾತ ತೆಗೆದು ಸಿಂಕಿನೊಳಗಿಟ್ಟರು. ಅದು ಓರೆಯಾಗಿ ಅಂಚಿಗೆ ಸಿಕ್ಕಿಕೊಂಡಿತು. 24×18 ಎಂಬುದು ಅಂಚು ಸಮೇತದ ಅಳತೆ, ಒಳಬಾಯಿ ಅದಕ್ಕಿಂತ ಎರಡು ಇಂಚು ಕಡಿಮೆ ಎಂಬುದನ್ನು ಅಷ್ಟು ವಿದ್ವಾಂಸರಲ್ಲಿ ಒಬ್ಬರೂ ಎತ್ತಿರಲಿಲ್ಲ.

“ತ್ರೀ ನಾಟ್ ಫೋರ್ ತಗೊಂಡು ಏನ್ ಮಾಡ್ಲೊ? ಪರಾತ ಕುಂಡ್ರಂಗಿಲ್ಲ ಇದರಾಗ.”

30×20ರದು ಗೋದಾಮಿನಿಂದ ಬಂತು. ಪರಾತ ಕೂತಿತು, ಪಕ್ಕದಲ್ಲಿ ಹಂಚಿಗೂ ಜಾಗ ಉಳಿಯಿತು. ಗ್ರಾನೈಟು ಇನ್ನೂ ಕೊರೆದಿರಲಿಲ್ಲವಾದ್ದರಿಂದ ಶಾಸ್ತ್ರಕ್ಕೂ ಕಲ್ಲಿಗೂ ಭಂಗ ಬರಲಿಲ್ಲ. ಅವ್ವ ಅಷ್ಟಕ್ಕೇ ಬಿಡದೆ, ಮೇಲೆ ಕೂಡಿಸುವ ನಳದ ಕೆಳಗೆ ಕೊಡ ಹಿಡಿದು ನೋಡಿದರು. ಹಿಡಿಯಲಿಲ್ಲ. ನಳದ ಪ್ರಕರಣ ಬೇರೆಯೇ ಒಂದು ಗ್ರಂಥವಾಗುವುದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.