ಪೌತಿ ಖಾತೆ ಆಗದ ಒಂದು ಪುಟದ ಸಂದರ್ಶನ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೊಂದು ಸಾಫ್ಟ್‌ವೇರ್ ಕಂಪನಿ. ಅಲ್ಲಿನ ಒಂದು ತಂಡದ ವಿಕಿಯಲ್ಲಿ ‘ಹೊಸಬರಿಗೆ ಮಾರ್ಗದರ್ಶಿ – ಫೈನಲ್ – 2’ ಎಂಬ ಪುಟ ಬಹುಕಾಲದಿಂದ ಬೀಡುಬಿಟ್ಟಿದೆ. ಫೈನಲ್ ಆದಮೇಲೆ 2 ಯಾಕೆ ಬಂತು ಎಂದು ಯಾರೂ ಕೇಳಿಲ್ಲ. ಸಂದರ್ಶಕ ಹೋದ ಹೊತ್ತಿಗೆ, ಅವತ್ತೇ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಪುಟದ ನಾಲ್ಕನೇ ಹಂತದಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಅಲ್ಲಿ ಬರೆದಿದ್ದು ಇಷ್ಟು: ‘ಈ ಲಿಂಕನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲೇ ತೆರೆಯಿರಿ.’

“2022ರ ಜೂನ್ 15ಕ್ಕೇ ಮೈಕ್ರೋಸಾಫ್ಟ್ ಅದನ್ನು ನಿವೃತ್ತಿ ಮಾಡಿ ಮನೆಗೆ ಕಳಿಸಿತಲ್ಲ?” ಎಂದು ಸಂದರ್ಶಕ ಮಾತು ತೆಗೆದ.

“ನಿವೃತ್ತಿ ಆಗಿದ್ದು ಅದಕ್ಕೆ ಸ್ವಾಮಿ, ನನಗಲ್ಲ,” ಎಂದಿತು ಪುಟ.

ತನ್ನ ಕುಲಗೋತ್ರ ಹೇಳಿಕೊಳ್ಳುವುದೆಂದರೆ ಪುಟಕ್ಕೆ ಬಲು ಖುಷಿ. ಮೂಲಪುರುಷ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್. ಅವರು 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಅಂತರ್ಜಾಲಕ್ಕೆ ಬಿಟ್ಟರು. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡುತ್ತಿದ್ದ ‘ವಿಕಿ ವಿಕಿ’ ಬಸ್ಸಿನಿಂದ ಆ ಹೆಸರು ಬಂತು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. “ಬರೆಯೋಕೆ ಬೇಗ ಅಂತ ಹೆಸರಿಟ್ಟರು. ತಿದ್ದೋಕೂ ಬೇಗ ಅಂತ ಜನ ಯಾಕೋ ತಿಳಕೊಳ್ಳಲಿಲ್ಲ,” ಎಂದು ನಿಟ್ಟುಸಿರು ಬಿಟ್ಟಿತು.

“ನಿಮ್ಮ ವಾರಸುದಾರರು ಯಾರು?”

“ಹಳ್ಳಿ ಕಡೆ ಪಹಣಿ ನೋಡಿದ್ದೀರಾ? ಗೇಯುತ್ತಿರೋನು ಮೊಮ್ಮಗ, ಪಹಣಿಯಲ್ಲಿ ಇರೋನು ಮುತ್ತಜ್ಜ. ಪೌತಿ ಖಾತೆ ಮಾಡಿಸೋಕೆ ಒಬ್ಬರೂ ನಾಡಕಚೇರಿ ಮೆಟ್ಟಿಲು ಹತ್ತಿರೋಲ್ಲ. ನಂದೂ ಅದೇ ಕತೆ. ನನ್ನನ್ನು ಬರೆದಾತ 2019ರಲ್ಲೇ ಕೆನಡಾಕ್ಕೆ ಹೋದ. ಅವನ ಹೆಸರು ಒತ್ತಿದರೆ ಬೂದು ಬಣ್ಣದ ಒಂದು ತಲೆ ಕಾಣುತ್ತೆ, ಮುಖ ಇಲ್ಲ. ಅವನ ಜಾಗಕ್ಕೆ ಬಂದಾಕೆ ‘ಅದು ನಂದಲ್ಲ’ ಅಂತಾಳೆ. ಮ್ಯಾನೇಜರು ‘ಅದು ಎಲ್ಲರದೂ’ ಅಂತಾರೆ. ಎರಡಕ್ಕೂ ಅರ್ಥ ಒಂದೇ.”

ಇದು ಬರೀ ತಮಾಷೆಯಲ್ಲ ಎಂಬುದಕ್ಕೆ ಸಂದರ್ಶಕನೇ ಒಂದು ಪ್ರಸಂಗ ನೆನಪಿಸಿದ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ದಣಿವಿನ ಹೊತ್ತಿನಲ್ಲಿ, ಅಳಿಸಬೇಕಾದ ಸರ್ವರ್ ಬಿಟ್ಟು ಅಸಲಿ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಇದ್ದೇ ಇದೆ ಎಂದು ಹುಡುಕಿದರೆ ಅದಿರಬೇಕಾದ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಗೆ ಏರಿತ್ತು, ಬ್ಯಾಕಪ್ ತೆಗೆಯುವ ಸಾಧನ ಮಾತ್ರ 9.2ರಲ್ಲೇ ಕೂತು ಪ್ರತಿ ಸಲವೂ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸಿದ ಇಮೇಲ್‌ಗಳೂ ಯಾರಿಗೂ ತಲುಪದೆ ತಿರಸ್ಕಾರವಾಗಿದ್ದವು. ಕೊನೆಗೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಒಂದು ಪ್ರತಿಯಿಂದ ಬಹುಪಾಲು ಉಳಿಯಿತು, ಸುಮಾರು ಆರು ಗಂಟೆಗಳ ದತ್ತಾಂಶ ಹೋಯಿತು. ಮುಚ್ಚುಮರೆಯಿಲ್ಲದೆ ಪ್ರಕಟಿಸಿದ ವರದಿಯಲ್ಲಿ ಕಂಪನಿ ಕಾರಣವನ್ನೂ ಒಪ್ಪಿಕೊಂಡಿತು: ಬ್ಯಾಕಪ್‌ನ ಹೊಣೆ ಯಾರ ಹೆಸರಿನಲ್ಲೂ ಇರಲಿಲ್ಲ, ಹಾಗಾಗಿ ಅದನ್ನು ಯಾರೂ ಪರೀಕ್ಷಿಸಿ ನೋಡುತ್ತಿರಲಿಲ್ಲ.

“ಅಲ್ಲೂ ಪೌತಿ ಖಾತೆ ಆಗಿರಲಿಲ್ಲ ಅನ್ನಿ,” ಎಂದಿತು ಪುಟ.

ಇನ್ನು ಆರನೇ ಹಂತ. ಪ್ರತಿ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಎಂಬ ಆಜ್ಞೆ ಅಲ್ಲಿದೆ. ಇಂಥ ನಿಯಮಗಳು ಲೋಕವೆಲ್ಲ ಹಬ್ಬಲು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ಸಿದ್ಧಪಡಿಸಿದ ಸಲಹೆಗಳೂ ಕಾರಣ. ಅವನ್ನು ಬರೆದ ಬಿಲ್ ಬರ್ 2017ರಲ್ಲಿ ಪತ್ರಿಕೆಯೊಂದರ ಮುಂದೆ ಪಶ್ಚಾತ್ತಾಪ ತೋಡಿಕೊಂಡರು. ಅದೇ ವರ್ಷ ನಿಸ್ಟ್ ಕೂಡ ಕಾರಣವಿಲ್ಲದೆ ಅವಧಿ ಹಾಕಿ ಪಾಸ್‌ವರ್ಡ್ ಬದಲಿಸಲು ಜನರನ್ನು ಕಾಡಬೇಡಿ ಎಂದಿತು.

“ಬರೆದವರೇ ತಪ್ಪಾಯಿತು ಅಂದಮೇಲೆ ನಿಮ್ಮದೇನು ಹಟ?”

“ನನಗೆ ಯಾರೂ ಬಂದು ಹೇಳಲಿಲ್ಲವಲ್ಲ!”

ಪುಟದ ಹೆಚ್ಚುಗಾರಿಕೆಯನ್ನು ಒಪ್ಪಲೇಬೇಕು: ‘ಹೊಸಬರು’ ಎಂದು ಹುಡುಕಿದರೆ ಮೊದಲು ಸಿಗುವುದು ಅದೇ. ಸರಿಯಾದ ಹೊಸ ಪುಟ ಮೂರನೇ ಪರದೆಯ ತಳದಲ್ಲಿ ಎಲ್ಲೋ ಬಿದ್ದಿದೆ. ಬಂದ ಬಂದವರೆಲ್ಲ ಹಳೆಯದನ್ನೇ ಒತ್ತಿ ಒತ್ತಿ ಅದಕ್ಕೆ ಪೀಠ ಕೊಟ್ಟಿದ್ದಾರೆ. ಓದಿದವರೆಲ್ಲ ಮೋಸಹೋಗಿ ವಾಪಸು ಬಂದರು ಎಂಬುದು ಹುಡುಕುವ ಯಂತ್ರಕ್ಕೆ ಗೊತ್ತಾಗುವುದಿಲ್ಲ.

“ಹಾಗಿದ್ದರೆ ನಿಮ್ಮನ್ನು ಅಳಿಸಿಬಿಡಬಹುದಲ್ಲ?”

“ಅಟ್ಟದ ಮೇಲಿನ ತೂತು ಹಂಡೆಯನ್ನು ಯಾರಾದರೂ ಎಸೆದಿದ್ದು ಕಂಡಿದ್ದೀರಾ? ‘ಇರಲಿ, ಯಾವಾಗಾದರೂ ಬೇಕಾಗುತ್ತೆ.’ ಮೂರು ಸಲ ಸಭೆ ಸೇರಿದರು. ಮೂರು ಸಲವೂ ಇದೇ ತೀರ್ಮಾನ.”

“ಆ ಸಭೆಗಳ ಟಿಪ್ಪಣಿಯೂ ಹಳತಾಗಿರಬೇಕು.”

“ಅಲ್ಲೇ ನೀವು ತಪ್ಪಿದ್ದು. ಟಿಪ್ಪಣಿ ಹಳಸಲ್ಲ. ‘ಅವತ್ತು ಹೀಗೆ ತೀರ್ಮಾನವಾಯಿತು’ ಅನ್ನೋದು ಇನ್ನು ನೂರು ವರ್ಷಕ್ಕೂ ನಿಜ. ಹಳಸೋದು ‘ಹೀಗೆ ಮಾಡಿ’ ಅನ್ನೋ ನಮ್ಮಂಥೋರು. ನಮ್ಮನ್ನು ಅಳಿಸಲೂ ಬೇಡಿ, ಅಂಗಳದಲ್ಲಿ ಕೂರಿಸಲೂ ಬೇಡಿ. ಹಣೆಗೊಂದು ‘ಹಳತು’ ಅಂತ ಚೀಟಿ ಅಂಟಿಸಿ, ಹೊಸ ಪುಟದ ದಾರಿ ತೋರಿಸಿ, ಹುಡುಕಾಟಕ್ಕೆ ಸಿಗದ ಹಾಗೆ ಕಡತದ ಕೋಣೆಗೆ ಸಾಗಿಸಿ. ಹಳೇ ಕಾರಣ ಬೇಕಾದೋರು ಅಲ್ಲಿಗೇ ಬರ್ತಾರೆ.”

ದೊಡ್ಡವರ ಮನೆಯ ದೋಸೆಯೂ ತೂತೇ. ಆರಂಭದ ದಿನಗಳಲ್ಲಿ ಗೂಗಲ್‌ನ ಒಳಗೂ ಗೂವಿಕಿ ಎಂಬುದೊಂದಿತ್ತು. ಅಲ್ಲಿ ಬೋರ್ಗ್ ಎಂಬ ಒಂದೇ ವ್ಯವಸ್ಥೆಯನ್ನು ಅಣಿಗೊಳಿಸಲು ಏಳರಿಂದ ಹತ್ತು ದಾಖಲೆಗಳಿದ್ದವು, ನೋಡಿಕೊಳ್ಳುವವರಿದ್ದದ್ದು ಕೆಲವಕ್ಕೆ ಮಾತ್ರ. ಅಲ್ಲಿನ ಎಂಜಿನಿಯರುಗಳೇ 2020ರ ಪುಸ್ತಕದಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಆಮೇಲೆ ಕಂಡುಕೊಂಡ ದಾರಿಯೂ ಸರಳವೇ: ದಾಖಲೆಗೊಬ್ಬ ಒಡೆಯ, ಮೈಮೇಲೆ ಕೊನೆಯ ಸಲ ಪರಿಶೀಲಿಸಿದ ದಿನಾಂಕ, ಮೂರು ತಿಂಗಳು ಯಾರೂ ಮುಟ್ಟದಿದ್ದರೆ ಆ ಒಡೆಯನಿಗೊಂದು ಇಮೇಲ್.

“ನನ್ನ ಮೇಲೂ ದಿನಾಂಕ ಇದೆ,” ಎಂದಿತು ಪುಟ.

“ಅದು ತಿದ್ದಿದ ದಿನಾಂಕ. ಓದಿ ಪರಿಶೀಲಿಸಿದ್ದಲ್ಲ.”

“ಹೆಂಗೋ, ನೋಡೋರಿಗೆ ಎರಡೂ ಒಂದೇ. ಅದಿರಲಿ, ಒಂದು ಉಪಕಾರ ಆಗಬೇಕಿತ್ತು. ಎರಡನೇ ಸಾಲಿನಲ್ಲಿ ‘ದಯವಿಟ್ಟು ದಯವಿಟ್ಟು’ ಅಂತ ಎರಡು ಸಲ ಬಿದ್ದಿದೆ. ವರ್ಷಗಟ್ಟಲೆಯಿಂದ ಮುಜುಗರ.”

ಸಂದರ್ಶಕ ಒಂದು ‘ದಯವಿಟ್ಟು’ ಅಳಿಸಿ, ಸೇವ್ ಒತ್ತಿ, ಊಟಕ್ಕೆ ಹೋದ. ತಿರುಗಿ ಬರುವಷ್ಟರಲ್ಲಿ ಹುಡುಗಿ ಸಹಾಯಕ್ಕಾಗಿ ಮತ್ತೊಮ್ಮೆ ವಿಕಿಯನ್ನು ಹುಡುಕಿದ್ದಳು. ಮೊದಲಿಗೇ ಸಿಕ್ಕ ಪುಟದ ನೆತ್ತಿಯ ಮೇಲೆ ‘ಕೊನೆಯ ಪರಿಷ್ಕರಣೆ: ಇಂದು’ ಎಂದಿತ್ತು. ಅದನ್ನು ನಂಬಿ ನಾಲ್ಕನೇ ಹಂತವನ್ನು ಮೊದಲಿನಿಂದ ಓದುತ್ತಿದ್ದಳು.