ಗಿರಾಕಿ ಬೇಕಾಗಿದ್ದಾರೆ

ರಾಜಾಜಿನಗರದ ನಮ್ಮ ಎದುರುಮನೆ ರಾಯರು ಮನೆ ಮಾರೋಕೆ ಹೊರಟಿದ್ದಾರೆ. ಗೇಟಿಗೆ ತಗಡಿನ ಬೋರ್ಡು ನೇತುಹಾಕಿ ‘ಮನೆ ಮಾರಾಟಕ್ಕಿದೆ, ಬ್ರೋಕರ್‌ಗಳು ಕ್ಷಮಿಸಿ’ ಅಂತ ಬರೆಸಿದರು. ಮೊದಲ ಫೋನೇ ಬ್ರೋಕರದ್ದು: “ಕ್ಷಮಿಸಿದ್ದೀನಿ ಸಾರ್, ರೇಟ್ ಹೇಳಿ.”

“ಯಾರಿಗೆ ಮಾರಬೇಕು ಅಂತಿದ್ದೀರಿ?” ಅಂತ ಕೇಳಿದೆ. “ದುಡ್ಡು ಕೊಡೋರಿಗೆ” ಅಂದರು. ಸರಿ, ಆದರೆ ದುಡ್ಡು ಕೊಡೋರಲ್ಲೇ ಎಷ್ಟು ಪಂಗಡ ಅನ್ನೋದು ರಾಯರಿಗೆ ಗೊತ್ತಿಲ್ಲ. ಬಂದವರಿಗೆಲ್ಲ ಒಂದೇ ಪಾರಾಯಣ: ತೇಗದ ಬಾಗಿಲು, ರೆಡ್‌ಆಕ್ಸೈಡ್ ನೆಲ, ಬಚ್ಚಲಲ್ಲಿ ಹೂತಿಟ್ಟ ತಾಮ್ರದ ಹಂಡೆ. ಮೊನ್ನೆ ಬಂದ ಬಿಲ್ಡರ್ ಒಳಗೇ ಕಾಲಿಡಲಿಲ್ಲ. ರಸ್ತೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು, “ಒಡೆಯೋ ಖರ್ಚು ನಿಮ್ಮದಾ ನಮ್ಮದಾ?” ಅಂದ. ರಾಯರು ಆ ರಾತ್ರಿ ಊಟ ಮಾಡಲಿಲ್ಲವಂತೆ. ಬಿಲ್ಡರನಿಗೆ ಬೇಕಿದ್ದದ್ದು 30×40 ಮಣ್ಣು. ಹಂಡೆ ಹೊಗಳಿದ್ದು ಯಾರ ತಪ್ಪು?

ಭಾನುವಾರ ಬಂದದ್ದು ಸಾಫ್ಟ್‌ವೇರ್ ಜೋಡಿ. ಹುಡುಗಿಗೆ ರೆಡ್‌ಆಕ್ಸೈಡ್ ಕಂಡು ಕಣ್ಣಲ್ಲಿ ನೀರು, ನಾಲ್ಕು ಸೆಲ್ಫಿ. ಜೊತೆಗೆ ಬಂದ ಸೋದರಮಾವ ಮಾತ್ರ ಮೊಬೈಲಿನ ದಿಕ್ಸೂಚಿ ತೆಗೆದು ಹೊಸ್ತಿಲ ಮೇಲೆ ನಿಂತು, “ದಕ್ಷಿಣದ ಬಾಗಿಲು, ಯಮನ ದಿಕ್ಕು” ಅಂತ ತೀರ್ಪು ಕೊಟ್ಟ. ಮಾವ ಸುಮ್ಮನಿದ್ದಿದ್ದರೂ ಲೆಕ್ಕ ಸುಮ್ಮನಿರುತ್ತಿರಲಿಲ್ಲ. ರಾಯರು ಹೇಳ್ತಿರೋದು 3 ಕೋಟಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲದಲ್ಲಿ ಬ್ಯಾಂಕು ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕೊಡೋ ಹಾಗಿಲ್ಲ. ಉಳಿದ 75 ಲಕ್ಷ ಕೈಯಿಂದ. ಸ್ಟಾಂಪ್ ಡ್ಯೂಟಿ ಶೇ. 5, ಅಂದರೆ 15 ಲಕ್ಷ. 2025ರ ಆಗಸ್ಟ್ ಕೊನೆಯಲ್ಲಿ ದುಪ್ಪಟ್ಟಾದ ನೋಂದಣಿ ಶುಲ್ಕ ಶೇ. 2, ಅದು 6 ಲಕ್ಷ. ಕೋಟಿಗೆ ನಾಲ್ಕೇ ಲಕ್ಷ ಕಮ್ಮಿ, ಸೆಸ್ಸು ಗಿಸ್ಸು ಬೇರೆ. ಇಷ್ಟನ್ನು ಕೈಯಲ್ಲಿ ಹಿಡಿದು ಬರೋದು ಸೆಲ್ಫಿ ಹುಡುಗಿಯಲ್ಲ, ಆಗಷ್ಟೇ ಇನ್ನೆಲ್ಲೋ ಸೈಟು ಮಾರಿದ ಆಸಾಮಿ. ಅಂಥವರು ಬೋರ್ಡು ಓದುತ್ತಾ ಬೀದಿ ಸುತ್ತೋಲ್ಲ.

ಇದರ ಮೇಲೆ ರಾಯರ ಭಾಮೈದ ಕಿವಿಯಲ್ಲಿ, “ಅರ್ಧ ಬ್ಲ್ಯಾಕ್ ಕೇಳು” ಅಂತ ಊದಿದ್ದಾನೆ. ಕೇಳಿದರೆ ಸಾಲದವರು ಅಲ್ಲೇ ಮಾಯ. ಬ್ಯಾಂಕಿಗೆ ಕಾಗದದ ಮೇಲಿನ ಬೆಲೆಯೇ ಬೆಲೆ. ಖಾತೆ ‘ಎ’ ಆಗಿರೋದು ರಾಯರ ಪುಣ್ಯ. ‘ಬಿ’ ಆಗಿದ್ದರೆ ಬಹಳಷ್ಟು ಬ್ಯಾಂಕುಗಳು ಬಾಗಿಲವರೆಗೂ ಬರುತ್ತಿರಲಿಲ್ಲ.

ಬಾಡಿಗೆ ಲೆಕ್ಕ ಹಾಕೋರೂ ಬಂದರು. ಮಹಡಿ ಮೇಲೆ ಮಹಡಿ ಇದ್ದರೆ ಅವರಿಗೆ ಆಸೆ. ರಾಯರದು ಒಂಟಿ ಅಂತಸ್ತು. ನಮಸ್ಕಾರ ಹೇಳಿ ಹೋದರು.

ಹಾಗಾದರೆ ಇದಕ್ಕೆ ತಕ್ಕ ಗಿರಾಕಿ ಇಲ್ಲವೇ? ಇದ್ದಾನೆ, ಕಾಂಪೌಂಡಿನ ಆಚೆಗೇ. ಪಕ್ಕದವರ ಸೈಟೂ 30×40. ಸೇರಿಸಿಕೊಂಡರೆ 60×40, ಅದರ ಗತ್ತೇ ಬೇರೆ, ಬಿಲ್ಡರನೂ ಆಗ ಕೈಕಟ್ಟಿ ನಿಲ್ಲುತ್ತಾನೆ. ಹೀಗಾಗಿ ಈ ಜಾಗಕ್ಕೆ ಎಲ್ಲರಿಗಿಂತ ನಾಲ್ಕು ಕಾಸು ಜಾಸ್ತಿ ಕೊಡಲು ಕಾರಣ ಇರೋದು ಅವರೊಬ್ಬರಿಗೇ. ದಿಕ್ಕಿನ ಕಿರಿಕಿರಿಯೂ ಇಲ್ಲ. ಅದೇ ಸಾಲು, ಅವರ ಬಾಗಿಲೂ ದಕ್ಷಿಣಕ್ಕೇ. ಯಮ ಆಗಲೇ ಪರಿಚಯ. ಕುಂದು ಒಂದೇ: ತೆಂಗಿನ ಗರಿ ಅವರ ಕಾರಿನ ಮೇಲೆ ಬಿದ್ದ ದಿನದಿಂದ ಎರಡೂ ಮನೆಗೆ ಮಾತುಕತೆ ಇಲ್ಲ. ರಾಯರು ಅಮೆರಿಕದ ಗಿರಾಕಿಗೆ ವಿಡಿಯೋ ಕಾಲ್‌ನಲ್ಲಿ ಹಂಡೆ ತೋರಿಸಲು ಸಿದ್ಧ, ಪಕ್ಕದ ಗೇಟಿನ ಬೆಲ್ ಒತ್ತಲು ಸಿದ್ಧರಿಲ್ಲ!

ಹೋಗಿ ರಾಯರೇ, ನಾಲ್ಕು ಎಳನೀರು ಕೈಯಲ್ಲಿ ಹಿಡಿದು ಹೋಗಿ. ವ್ಯಾಪಾರ ಕುದುರಿದರೆ ಎಷ್ಟೇ ನೆರೆಹೊರೆ ಅಂದರೂ ಅಡ್ವಾನ್ಸ್ ಮಾತ್ರ ಚೆಕ್ಕಿನಲ್ಲೇ ತಗೊಳ್ಳಿ. 20,000 ರೂಪಾಯಿ ಮುಟ್ಟಿದ ಮೇಲೆ ನಗದು ತಗೊಂಡರೆ, ತಗೊಂಡಷ್ಟೇ ಮೊತ್ತದ ದಂಡ ಹಾಕೋ ಅಧಿಕಾರ ಆದಾಯ ತೆರಿಗೆಯವರಿಗಿದೆ.